ಕೆಂಚ ಮರೆತ ವಿದ್ಯೆ

ಕರೆಂಟಿನ ತಂತಿ ನೋಡಲು ಆಚೆ ದಡದಿಂದ ಬಂದ ಲೈನ್‌ಮನ್ ಶಿವಪುತ್ರ ಮೊನ್ನೆ ಮಧ್ಯಾಹ್ನ ನಮ್ಮ ಜಗುಲಿಯ ಮೇಲೆ ಕೂತಿದ್ದ. ಕಂಬ ಹತ್ತಿ ಇಳಿದು ಸುಸ್ತಾಗಿದ್ದವನು ಒಂದು ಚೊಂಬು ನೀರು ಕುಡಿದು, ಫೋನು ತೆಗೆದು ಏನೋ ಒತ್ತುತ್ತಿದ್ದ. ಇದ್ದಕ್ಕಿದ್ದ ಹಾಗೆ ನನ್ನ ಕಡೆ ತಿರುಗಿ, "ಅಮ್ಮಾರ, ಇದರಾಗ ಯಾವುದು ಮರಸಲಿ, ನೀವ ಹೇಳ್ರಿ," ಎಂದ.

ಕನ್ನಡಕ ಏರಿಸಿಕೊಂಡು ನೋಡಿದೆ. ಪರದೆಯ ಮೇಲೆ ಗುಂಡು ಹೊಟ್ಟೆಯ ಒಂದು ಹಸಿರು ಪ್ರಾಣಿ. ಅದರ ಮುಂದೆ ನೀಲಿ ನೀರು. ಪಕ್ಕದಲ್ಲಿ ಅದಕ್ಕೆ ಗೊತ್ತಿರುವ ನಾಲ್ಕು ವಿದ್ಯೆಗಳ ಹೆಸರು. ನೀರು ದಾಟಬೇಕಾದರೆ ಅದಕ್ಕೆ ದಾಟಿಸುವ ವಿದ್ಯೆ ಕಲಿಸಬೇಕಂತೆ. ಕಲಿಸಬೇಕಾದರೆ ಇರುವ ನಾಲ್ಕರಲ್ಲಿ ಒಂದನ್ನು ಮರೆಸಬೇಕಂತೆ. ಯಾವುದನ್ನು ಎಂದು ಆಟ ಅವನನ್ನು ಕೇಳುತ್ತಿತ್ತು.

"ಇದೇನಪ್ಪ, ನಮ್ಮೂರನ್ನ ಯಾರೋ ಕದ್ದು ನಿನ್ನ ಫೋನೊಳಕ್ಕೆ ತುಂಬವ್ರಲ್ಲ!" ಎಂದು ನಕ್ಕೆ.

"ಅದಕ್ಕ ನಿಮ್ಮನ್ನ ಕೇಳಿದ್ನಿರಿ. ದಾಟಿಸೋ ಪ್ರಾಣಿ ಆರಿಸೂದ್ರಾಗ ದೇವೀರಮ್ಮಾರನ್ನ ಬಿಟ್ರ ಇಲ್ಲ ಅಂತ ಕಡವಿನ್ಯಾಗ ಎಲ್ಲಾರೂ ಅಂತಾರ."

"ಅಂತಿದ್ರು ಅನ್ನು," ಎಂದೆ. ಹಿಂದಿನ ದೇವೀರಮ್ಮ ಆಗಿದ್ದರೆ ಅವನ ಮಾತು ಮುಗಿಯುವ ಮೊದಲೇ ಉತ್ತರ ಹೇಳಿ, ಜೊತೆಗೆ ನಾಲ್ಕು ಬುದ್ಧಿಮಾತನ್ನೂ ಸೇರಿಸಿ ಕೊಡುತ್ತಿದ್ದಳು. ಮೊನ್ನೆ ಮಾತ್ರ ಕಾಫಿ ಇಡುತ್ತೇನೆ ಎಂದು ಒಳಗೆ ಹೋದೆ.

ನಮ್ಮೂರನ್ನು ಸುತ್ತಿದ ನೀರಿಗೆ ಅಗಲ ಎಂದು ಹೆಸರು. ಅದು ಹೊಳೆಯೂ ಅಲ್ಲ, ಕೆರೆಯೂ ಅಲ್ಲ. ಅದರಲ್ಲಿ ಮರ ತೇಲುವುದಿಲ್ಲ. ಹಿಂದೆ ದೋಣಿ ಕಟ್ಟಿದವರೆಲ್ಲ ಅವನ್ನು ಮುಳುಗಿಸಿ ಕೈ ತೊಳೆದುಕೊಂಡಿದ್ದಾರೆ. ಮನುಷ್ಯ ಬಿದ್ದರೆ ಗುಂಡುಕಲ್ಲು ಬಿದ್ದ ಹಾಗೆಯೇ. ಆಚೆ ದಡಕ್ಕೆ ಹೋಗಬೇಕೆಂದರೂ, ನಡುನೀರಿನಲ್ಲಿ ತಲೆ ಎತ್ತಿರುವ ಚಿಪ್ಪುಗಲ್ಲುಗಳಿಗೆ ಹೋಗಬೇಕೆಂದರೂ ಹೊರೆಈಜು ಕಲಿತ ಪ್ರಾಣಿಯ ಬೆನ್ನೇ ಗತಿ. ಹತ್ತುವುದು ಇಳಿಯುವುದೆಲ್ಲ ಊರ ಕಡವಿನ ಮೆಟ್ಟಿಲಲ್ಲಿ. ಪ್ರಾಣಿಗಳನ್ನು ಊರ ಹಿಂದಿನ ಆಳೆತ್ತರದ ಹುಲ್ಲಿನಲ್ಲಿ ಹಿಡಿದು ತರುತ್ತೇವೆ. ಎಂಥ ಪ್ರಾಣಿಗಾದರೂ ನಾಲ್ಕೇ ವಿದ್ಯೆ. ಐದನೆಯದು ಒಳಗೆ ಬರಬೇಕಾದರೆ ಒಂದು ಹೊರಗೆ ಹೋಗಬೇಕು. ಹೊರೆಈಜು ಮಾತ್ರ ಒಮ್ಮೆ ಒಳಗೆ ಬಂತೆಂದರೆ ಮತ್ತೆ ಹೋಗುವುದಿಲ್ಲ, ಬಾಡಿಗೆಗೆ ಬಂದವನು ಮನೆಯೊಡೆಯನಾದ ಹಾಗೆ ಕೂತುಬಿಡುತ್ತದೆ.

ಯಾವ ಪ್ರಾಣಿಗೆ ಈಜು ಕಲಿಸಬೇಕು, ಅದಕ್ಕಾಗಿ ಯಾವ ವಿದ್ಯೆ ಬಿಡಿಸಬೇಕು ಎಂದು ಹೇಳುವುದೇ ಮೂವತ್ತು ವರ್ಷ ನನ್ನ ಕೆಲಸವಾಗಿತ್ತು. ಎಲೆಅಡಿಕೆ ಹಿಡಿದು ಜನ ಬಂದರೆ ಪ್ರಾಣಿಯ ಬೆನ್ನು ಸವರಿ, ಬಾಯಿ ಬಿಡಿಸಿ, ಕಾಲು ಎತ್ತಿಸಿ ನೋಡಿ ಹೇಳುತ್ತಿದ್ದೆ. ನನ್ನ ಮಾತು ಎರಡೇ. ಚೆಂದ ನೋಡಬೇಡಿ, ಬೆನ್ನು ನೋಡಿ. ಮನೆಯ ಮುದ್ದಿನ ಪ್ರಾಣಿಗೆ ನೀರು ಕಲಿಸಬೇಡಿ, ಒಂದು ಮಡ್ಡಾಮೆ ಹಿಡಿದು ತನ್ನಿ. ಮಡ್ಡಾಮೆ ಎಂದರೆ ಹಸುವಿನಷ್ಟು ದೊಡ್ಡ, ಬಂಡೆಯಷ್ಟು ಬುದ್ಧಿಯ ಆಮೆ. ತಿನ್ನುವುದು, ಮಲಗುವುದು, ತಲೆ ಒಳಗೆಳೆದುಕೊಳ್ಳುವುದು ಅದರ ಮೂರು ವಿದ್ಯೆ. ನಾಲ್ಕನೆಯದು ಏನೆಂದು ಇದುವರೆಗೆ ಯಾರೂ ಕಂಡಿಲ್ಲ, ಅದನ್ನೇ ಬಿಡಿಸಿದರಾಯಿತು. ನನ್ನ ಮಾತು ಮೀರಿದವರಲ್ಲಿ ಅಂಚೆಯ ಪುಟ್ಟಮಲ್ಲಪ್ಪ ಒಬ್ಬ. ಚೆಂದಕ್ಕೆ ಮರುಳಾಗಿ ಉದ್ದ ಕುತ್ತಿಗೆಯ ಬೆಳ್ಳಿಬಾಲಕ್ಕೆ ನೀರು ಕಲಿಸಿದ. ಅದು ನೀರಿನಲ್ಲಿ ತನ್ನ ನೆರಳು ಕಂಡಲ್ಲೆಲ್ಲ ನಿಂತು ನೋಡಿಕೊಳ್ಳುತ್ತಿತ್ತು. ಆ ವರ್ಷ ಯುಗಾದಿಗೆ ಬರೆದ ಕಾಗದಗಳು ನಮ್ಮೂರಿಗೆ ದೀಪಾವಳಿಗೆ ಬಂದವು.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಕಲಗಚ್ಚಿನ ಬಾನಿಗೆ ಬಿತ್ತಂತೆ. ಆ ಹಲ್ಲಿ ನಾನೇ.

ನಮ್ಮ ಮನೆಯಲ್ಲಿದ್ದದ್ದು ಕೆಂಚ. ಅವನದು ಹೊಸ್ತಿಲಮರಿ ಎನ್ನುವ ಜಾತಿ. ನಮ್ಮ ಯಜಮಾನರು ಹುಲ್ಲಿನಲ್ಲಿ ತಾಯಿಲ್ಲದೆ ಕುಂಯ್‌ಗುಡುತ್ತಿದ್ದ ಮರಿಯನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು. ನಮಗೆ ಮಕ್ಕಳಿರಲಿಲ್ಲ, ಹಾಗಾಗಿ ಮುದ್ದಿಗೆ ಮಿತಿ ಇರಲಿಲ್ಲ. ಬೆಳೆಯುತ್ತ ಬೆಳೆಯುತ್ತ ಎಮ್ಮೆಕರುವಿನಷ್ಟಾಗಿ, ಮೈತುಂಬ ಕೆಂಚು ಕೂದಲು ಬಿಟ್ಟುಕೊಂಡು ಬಾಗಿಲಿಗೆ ಅಡ್ಡ ಮಲಗುತ್ತಿದ್ದ. ನಾವೇ ದಾಟಿಕೊಂಡು ಓಡಾಡುತ್ತಿದ್ದೆವು. ಅವನ ನಾಲ್ಕು ವಿದ್ಯೆ ಎಂದರೆ ಮೂಸುವುದು, ಒಲೆಗೆ ಬೆಂಕಿ ಊದುವುದು, ಗುನುಗುವುದು, ಕಾಯುವುದು. ಯಜಮಾನರು ಬಲೆಚೀಲ ಹೆಣೆಯುತ್ತ ಮೂಗಿನಲ್ಲೇ ಒಂದು ರಾಗ ಎಳೆಯುವರು. ಅದನ್ನು ಕೇಳಿ ಕೇಳಿ ಕೆಂಚನೂ ಅದನ್ನೇ ಗುನುಗುವನು. ಕಾಯುವುದಂತೂ ಹೊಸ್ತಿಲಮರಿಗೆ ಹುಟ್ಟಿನಿಂದ ಬಂದದ್ದು. ಅಂಗಳದಲ್ಲಿ ಹರವಿದ ಮೆಣಸಿನಕಾಯಿ, ಹಪ್ಪಳ, ಕಟ್ಟಿದ ಕೋಳಿ, ಎಲ್ಲದಕ್ಕೂ ಅವನ ಕಾವಲು. ಸಂಜೆಯಾದರೆ ಯಜಮಾನರು ಬರುವ ದಾರಿಯನ್ನೇ ನೋಡುತ್ತ ಕೂರುತ್ತಿದ್ದ. ಅದನ್ನು ಮಾತ್ರ ನಾನು ಯಾವ ವಿದ್ಯೆಗೂ ಸೇರಿಸಿರಲಿಲ್ಲ. ಅದು ಪ್ರೀತಿ ಎಂದುಕೊಂಡಿದ್ದೆ.

ಯಜಮಾನರದು ಚಿಪ್ಪು ಆಯುವ ಕೆಲಸ. ಅಗಲದ ನಡುವೆ ಒಂದೊಂದು ಮನೆಗೆ ಒಂದೊಂದು ಚಿಪ್ಪುಗಲ್ಲು. ಬೆಳಿಗ್ಗೆ ಪ್ರಾಣಿಯ ಮೇಲೆ ಹೋಗಿ ಕಲ್ಲಿನ ಮೇಲೆ ಇಳಿದು, ಸುಣ್ಣಕ್ಕೆ ಬೇಕಾದ ಚಿಪ್ಪು ಕೆತ್ತಿ ಬುಟ್ಟಿ ತುಂಬಿಸಿಕೊಂಡು, ಮಧ್ಯಾಹ್ನ ನೀರು ಏರುವ ಮೊದಲು ಹಿಂದಕ್ಕೆ ಬರಬೇಕು. ಪ್ರಾಣಿ ಅಲ್ಲಿಯವರೆಗೆ ಕಲ್ಲಿನ ಪಕ್ಕ ನೀರಿನಲ್ಲೇ ಇರುತ್ತದೆ. ಮಡ್ಡಾಮೆಗಳಾದರೆ ನಿದ್ದೆ ಹೊಡೆಯುತ್ತವೆ. ನಮ್ಮ ಮಡ್ಡಾಮೆ ಐದು ವರ್ಷದ ಕೆಳಗೆ ಚಿಪ್ಪಿನ ಕಾಲ ಶುರುವಾಗುವ ಹೊತ್ತಿಗೆ ಮುದಿಯಾಗಿ ಸತ್ತಿತು. ಹುಲ್ಲಿನಲ್ಲಿ ಹುಡುಕಿದರೆ ಇನ್ನೊಂದು ಸಿಗಲಿಲ್ಲ. ನನ್ನ ಮಾತು ಕೇಳಿ ಊರವರೆಲ್ಲ ಹಿಡಿದು ಖಾಲಿ ಮಾಡಿದ್ದರು!

ಒಂದು ದಿನ ಕೆಂಚನ ಕಾಲಿಗೆ ಚುಚ್ಚಿದ ಮುಳ್ಳು ತೆಗೆಯುತ್ತಿದ್ದವಳ ಕಣ್ಣಿಗೆ ಅವನ ಬೆರಳುಗಳ ನಡುವಿನ ಪೊರೆ ಬಿತ್ತು. ಬಾತುಕೋಳಿಯ ಕಾಲಿನ ಹಾಗೆ ಅಗಲವಾದ, ಗಟ್ಟಿ ಪೊರೆ. ಹೊಸ್ತಿಲಮರಿಯ ಕಾಲನ್ನು ಇಷ್ಟು ದಿನ ಯಾರೂ ಎತ್ತಿ ನೋಡಿರಲಿಲ್ಲ. ನನಗೆ ಮೈಯೆಲ್ಲ ರೋಮಾಂಚನವಾಯಿತು. ಮೂವತ್ತು ವರ್ಷದ ಕಸುಬಿನಲ್ಲಿ ಹೊಸದೊಂದು ಕಂಡುಹಿಡಿದಿದ್ದೆನಲ್ಲ.

"ಇವನಿಗೆ ನೀರು ಕಲಿಸೋಣ," ಎಂದೆ.

ಯಜಮಾನರು ಹೆಣೆಯುತ್ತಿದ್ದ ಬಲೆಚೀಲ ಕೆಳಗಿಟ್ಟರು. "ಬೇಡ ಕಣೇ ದೇವೀರಿ. ಇದು ಹೊಸ್ತಿಲಲ್ಲಿರೋ ಜೀವ. ಮುದ್ದಿನ ಪ್ರಾಣಿಗೆ ನೀರು ಕಲಿಸ್ಬೇಡಿ ಅಂತ ಊರಿಗೆಲ್ಲ ಡಂಗುರ ಹೊಡೆಯೋಳು ನೀನೇ ಅಲ್ವಾ? ಒಂದು ವರ್ಸ ಚಿಪ್ಪಿಲ್ಲ ಅಂದ್ರೆ ನಾವೇನು ಉಪವಾಸ ಬೀಳಲ್ಲ."

"ಇದರ ಕಾಲು ನೋಡಿದ್ದೀರಾ ನೀವು? ಇಡೀ ಕಡವಿನಲ್ಲಿ ಇಂಥ ಕಾಲು ಇನ್ನೊಂದಿಲ್ಲ."

ಉಪವಾಸದ ಮಾತು ನಿಜವೇ. ನಮಗೆ ಅಂಥ ಕಷ್ಟವೇನೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಇಷ್ಟೇ: ಕಡವಿನಲ್ಲಿ ನಾಲ್ಕು ಜನ ನಿಂತು, ದೇವೀರಮ್ಮ ಹೊಸ್ತಿಲಮರಿಯನ್ನೇ ಈಜಿಸಿದಳಂತೆ ಎಂದು ಬಾಯಿ ಮೇಲೆ ಬೆರಳಿಡಬೇಕು. ಇದನ್ನು ಈಗ ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ಹೇಳದೆ ಬಿಟ್ಟರೆ ಇನ್ನೂ ನಾಚಿಕೆ.

ಅವರು ನನ್ನ ಹಟಕ್ಕೆ ಸೋಲುವುದು ಹೊಸದೇನಲ್ಲ. ಎರಡು ದಿನ ಬಿಟ್ಟು, "ಆಗ್ಲಿ, ಏನಾದ್ರೂ ಮಾಡ್ಕೊ. ಗುನುಗೋದೊಂದು ಮರೆಸ್ಬೇಡ," ಎಂದರು.

"ಮೂಸೋದೂ ಬೇಡ. ಚಿಪ್ಪು ಎಲ್ಲೈತೆ ಅಂತ ಅದೇ ಹೇಳೋದು."

"ಹಂಗಾದ್ರೆ ಬೆಂಕಿ ಬಿಡ್ಸು. ನಾನು ಬೆಂಕಿಪೊಟ್ಟಣ ತಂದ್ಕೊಡ್ತೀನಿ."

"ಈ ತೇವದ ಸೌದೆಗೆ ನಿಮ್ಮ ಬೆಂಕಿಪೊಟ್ಟಣ ಯಾವ ಮೂಲೆಗೆ? ದಿನಾ ಊದಿ ಊದಿ ನನ್ನ ಕಣ್ಣು ಹೋಗ್ಲಾ? ಕಾಯೋದು ಬಿಡಿಸ್ತೀನಿ. ನಮ್ಮನೇಲಿ ಕಾಯೋಕೆ ಏನೈತೆ? ಎರಡು ಪಾತ್ರೆ, ಒಂದು ಕಂಬಳಿ, ಆಮೇಲೆ ನೀವು."

ಅವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಗಟ್ಟಿಯಾಗಿ ನಕ್ಕರು. "ನನ್ನ ಕದಿಯೋರು ಯಾರೇ?"

ಕಡವಿನ ಹೊಂಗೆಮರದ ಕೆಳಗೆ ಮರೆಸುವ ಗುರುಸಿದ್ದಯ್ಯನವರು ಕೂರುತ್ತಾರೆ. ಪ್ರಾಣಿಗೆ ಒಂದು ಉಂಡೆ ಬೇವು ಬೆಲ್ಲ ತಿನ್ನಿಸಿ, ಒಡೆಯರು ಬಾಯಿಬಿಟ್ಟು ಹೇಳಿದ ವಿದ್ಯೆಯ ಹೆಸರನ್ನು ಹಿಂದುಮುಂದು ಮಾಡಿ ಅದರ ಕಿವಿಯಲ್ಲಿ ಉಸುರುತ್ತಾರೆ. ಅಷ್ಟಕ್ಕೇ ಅದು ಹೋಗಿಬಿಡುತ್ತದೆ. ಊರ ಗಂಡಸರು ನಮ್ಮ ಹೆಂಗಸರ ಹಳೆ ಜಗಳ ಮರೆಸಿಕೊಡಿ ಎಂದು ಅವರ ಹತ್ತಿರ ತಮಾಷೆ ಮಾಡುವುದುಂಟು. ಮನುಷ್ಯರೊಳಗೆ ಏನೇನಿದೆಯೋ ಯಾರು ಕಂಡವರು, ನಾನು ಕೈ ಹಾಕುವುದಿಲ್ಲ ಎನ್ನುತ್ತಾರೆ ಅವರು. ನಾನು ಕೆಂಚನನ್ನು ಕರೆದುಕೊಂಡು ಹೋದ ದಿನ ಸುದ್ದಿ ಹಬ್ಬಿ ಜನ ಸೇರಿತ್ತು.

"ಯಾವುದು ತಾಯಿ?"

"ಕಾಯೋದು."

ಗುರುಸಿದ್ದಯ್ಯನವರು ಬೇವು ಬೆಲ್ಲದ ಕೈಯನ್ನು ಹಿಂದಕ್ಕೆಳೆದುಕೊಂಡರು. "ಕಾಯೋದಾ? ಯಾವ ಕಾಯೋದು?"

"ಕಾಯೋದ್ರಲ್ಲಿ ಎಷ್ಟು ಬಗೆ ಸ್ವಾಮಿ? ಬಚ್ಚಲ ಹಂಡೇಲಿ ನೀರು ಕಾಯೋದಲ್ಲ, ಮನೆ ಕಾಯೋದು."

ಸೇರಿದ್ದವರೆಲ್ಲ ಗೊಳ್ಳೆಂದು ನಕ್ಕರು. ಗುರುಸಿದ್ದಯ್ಯನವರು ಇನ್ನೊಮ್ಮೆ, "ಅಲ್ಲಮ್ಮ, ಒಂದಿಷ್ಟು ಯೋಚನೆ ಮಾಡಿ..." ಎಂದು ಶುರುಮಾಡಿದರು. "ಮೂವತ್ತು ವರ್ಸದಿಂದ ನಿಮ್ಮ ಹತ್ರಕ್ಕೆ ಜನಾನ ಕಳಿಸ್ತಿರೋಳು ನಾನು. ನನಗೇ ಹೇಳ್ಕೊಡ್ತೀರಾ?" ಎಂದೆ. ಜನ ಮತ್ತೆ ನಕ್ಕರು. ಆ ಮುದುಕರು ಮುಖ ಸಣ್ಣಗೆ ಮಾಡಿಕೊಂಡು ಕೆಂಚನ ಕಿವಿಗೆ ಬಗ್ಗಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಆ ಮಾತನ್ನು ಎಷ್ಟು ಸಲ ಮನಸ್ಸಿನಲ್ಲಿ ಹಿಂದಕ್ಕೆ ನುಂಗಿದ್ದೇನೋ ಲೆಕ್ಕವಿಲ್ಲ.

ಹೊರೆಈಜನ್ನು ಕೆಂಚ ಒಂದೇ ದಿನದಲ್ಲಿ ಕಲಿತ. ಯಜಮಾನರನ್ನು ಬೆನ್ನ ಮೇಲೆ ಕೂರಿಸಿಕೊಂಡು ದಡದ ಹತ್ತಿರವೇ ದೊಡ್ಡದೊಂದು ಸುತ್ತು ಹಾಕಿ ಬಂದ. ಅಂಥ ವೇಗವನ್ನು ಕಡವು ಕಂಡಿರಲಿಲ್ಲ. ಜನ ಬಾಯಿ ಮೇಲೆ ಬೆರಳಿಟ್ಟರು, ನಾನು ಸೆರಗು ಸರಿಮಾಡಿಕೊಂಡೆ. ಆ ಸುತ್ತಿನಲ್ಲಿ ಯಜಮಾನರು ಎಲ್ಲಿಯೂ ಇಳಿಯಲಿಲ್ಲ, ಕೆಂಚ ಎಲ್ಲಿಯೂ ನಿಲ್ಲಬೇಕಾಗಿ ಬರಲಿಲ್ಲ. ಅದು ಯಾರ ತಲೆಗೂ ಹೊಳೆಯಲಿಲ್ಲ.

ಮನೆಯಲ್ಲಿ ಮಾತ್ರ ಏನೋ ಬದಲಾಗಿತ್ತು. ಕೆಂಚ ಗಂಜಿ ಆರುವವರೆಗೆ ತಾಳದೆ ಬಾಯಿ ಹಾಕಿ ನಾಲಿಗೆ ಸುಟ್ಟುಕೊಂಡ. ಮರುದಿನವೂ ಸುಟ್ಟುಕೊಂಡ. ನಾನು ಬಾಗಿಲ ಅಗಳಿ ತೆಗೆಯುವಷ್ಟರಲ್ಲಿ ಡಿಕ್ಕಿ ಹೊಡೆದು ಕೀಲು ಕಿತ್ತ. ಆ ಸಂಜೆ ಯಜಮಾನರು ಮನೆಗೆ ಬಂದಾಗ ಅವನು ಹಿತ್ತಿಲಲ್ಲಿ ಮಣ್ಣು ಕೆದರುತ್ತಿದ್ದ, ತಲೆ ಎತ್ತಲಿಲ್ಲ. ಅವರು ಹೊಸ್ತಿಲ ಹತ್ತಿರ ನಿಂತು ಟವೆಲಿನಿಂದ ಮುಖ ಒರೆಸಿಕೊಂಡರು.

"ಯಾಕೋ ಇವತ್ತು ನನ್ನ ದಾರಿ ನೋಡ್ಲಿಲ್ಲ ಕಣೇ ಇವನು."

"ಹೊಸ ವಿದ್ಯೆ ಹುರುಪು. ಹೊಸದಾಗಿ ಸೈಕಲ್ ಕಲಿತೋರು ಒಂದು ಕಡೆ ನಿಲ್ತಾರಾ?" ಎಂದೆ. ಅವರು ಊಟಕ್ಕೆ ಕೂತಾಗ ಎಂದಿಗಿಂತ ಕಡಿಮೆ ಉಂಡರು ಎಂದು ಈಗ ಅನ್ನಿಸುತ್ತದೆ. ನಿಜವಾಗಿ ಕಡಿಮೆ ಉಂಡರೋ, ಅಥವಾ ಆಮೇಲೆ ಆದದ್ದರಿಂದ ನನಗೆ ಹಾಗೆ ಕಾಣುತ್ತದೋ ಗೊತ್ತಿಲ್ಲ.

ಅವರು ಕೆಂಚನ ಮೇಲೆ ಮೊದಲ ಸಲ ಕಲ್ಲಿಗೆ ಹೊರಟದ್ದು ಒಂದು ಗುರುವಾರ. ಬುಟ್ಟಿ, ಉಳಿ, ಬುತ್ತಿ ತೆಗೆದುಕೊಂಡು ಕೆಂಚನ ಕುತ್ತಿಗೆ ತಟ್ಟಿ ಹೋದರು. ನಾನು ಕಡವಿನ ಮೆಟ್ಟಿಲ ಮೇಲೆ ಹೊಸದಾಗಿ ಮದುವೆಯಾದ ಒಂದು ಜೋಡಿಗೆ ಪ್ರಾಣಿ ಆರಿಸಿಕೊಡುತ್ತ ಕೂತಿದ್ದೆ. ಸುಮಾರು ಹತ್ತು ಗಂಟೆಯ ಹೊತ್ತಿಗೆ ಕೆಂಚ ಒಬ್ಬನೇ ನೀರಿನಿಂದ ಎದ್ದು ಬಂದು ಮೈ ಕೊಡವಿದ.

ಇಲ್ಲಿ ನನ್ನ ಕಥೆಯನ್ನು ನಿಲ್ಲಿಸಿ ಬೇರೆ ದಾರಿಯಲ್ಲಿ ತೆಗೆದುಕೊಂಡು ಹೋಗುವ ಹಾಗಿದ್ದಿದ್ದರೆ! ಅವನ ಬೆನ್ನು ತಟ್ಟಿ, ಹೋಗೋ ಕಲ್ಲಿಗೆ ಎಂದಿದ್ದರೆ ಸಾಕಿತ್ತು. ಹೇಳಿದರೆ ಹೋಗುತ್ತಿದ್ದ. ಹೋಗುವುದನ್ನು ಅವನೇನೂ ಮರೆತಿರಲಿಲ್ಲ. ನೀರು ಏರುವುದಕ್ಕೆ ಇನ್ನೂ ಎರಡು ಗಂಟೆ ಇತ್ತು. ಆದರೆ ನಾನು ಆ ಮದುಮಗಳ ಕಡೆ ತಿರುಗಿ, "ನೋಡ್ದಾ ವೇಗಾನ? ಇಷ್ಟು ಹೊತ್ತಿಗೆ ಹೋಗಿ ಬಂದವ್ನೆ. ನಿಮ್ಮ ಮಡ್ಡಾಮೆ ಆಗಿದ್ರೆ ಇನ್ನೂ ದಾರೀಲಿರೋದು," ಎಂದೆ. ಯಜಮಾನರು ಮರೆತದ್ದೇನನ್ನೋ ತರಲು ಕಳಿಸಿರಬೇಕು, ತಾನಾಗಿಯೇ ಹಿಂದಕ್ಕೆ ಹೋಗುತ್ತಾನೆ ಎಂದುಕೊಂಡೆ. ನನಗೆಂದು ತಂದಿದ್ದ ಬುತ್ತಿಯಲ್ಲಿನ ಅರ್ಧ ಮುದ್ದೆಯನ್ನೂ ತಿನ್ನಿಸಿದೆ. ಅವನ ಕಾಲೆತ್ತಿ ಪೊರೆ ತೋರಿಸಿದೆ. ಒಬ್ಬರಾದ ಮೇಲೆ ಒಬ್ಬರು ನೋಡಲು ಬಂದರು, ಎಲ್ಲರಿಗೂ ತೋರಿಸಿದೆ.

ಬಿಸಿಲು ನೆತ್ತಿಗೆ ಬಂದಾಗ ಹೊಂಗೆಮರದ ಕಡೆಯಿಂದ ಗುರುಸಿದ್ದಯ್ಯನವರು ಎದ್ದು ಬಂದರು. "ದೇವೀರಮ್ಮ, ನಿಮ್ಮ ಯಜಮಾನ ಮುದ್ದಯ್ಯ ಎಲ್ಲಿ?"

"ಕಲ್ಲಿನ ಮೇಲವ್ರೆ."

"ಮತ್ತೆ ಇದು ಇಲ್ಲಿ?"

ಕಾಯುವುದು ಎಂಬ ಮಾತಿನ ಇನ್ನೊಂದು ಹೊರಳು ನನಗೆ ಆಗ ತಿಳಿಯಿತು. ಸುತ್ತ ನಿಂತಿದ್ದವರ ಮುಖ ನೋಡಿದರೆ ಅವರಿಗೂ ಆಗಲೇ ತಿಳಿದಂತಿತ್ತು. ಯಾರೂ ನಗಲಿಲ್ಲ.

ಕೆಂಚನ ಬೆನ್ನೇರಿ ಹೋದೆ. ಅವನು ಬಾಣ ಬಿಟ್ಟ ಹಾಗೆ ಹೋದ. ನಮ್ಮ ಕಲ್ಲಿನ ಜಾಗಕ್ಕೆ ಬಂದಾಗ ಕಲ್ಲು ಕಾಣಲಿಲ್ಲ. ಅಗಲದ ನೀರು ತಿಳಿ. ಆಳುದ್ದದ ಕೆಳಗೆ ಕಲ್ಲಿಗೆ ಹೊಡೆದ ಕಬ್ಬಿಣದ ಬಳೆ, ಅದಕ್ಕೆ ಕಟ್ಟಿದ ಬುಟ್ಟಿ ಕಂಡವು. ಬುಟ್ಟಿ ತುಂಬಿತ್ತು. ಚಿಪ್ಪು ಚೆಲ್ಲದ ಹಾಗೆ ಅದರ ಬಾಯಿಗೆ ತಮ್ಮ ಟವೆಲನ್ನು ಬಿಗಿದು ಎರಡು ಗಂಟು ಹಾಕಿದ್ದರು, ಯಾವಾಗಲೂ ಹಾಕುತ್ತಿದ್ದ ಹಾಗೆ. ಕೆಲಸ ಮುಗಿಸಿ, ಎಲ್ಲ ಕಟ್ಟಿಟ್ಟು, ಅವನು ಬರುತ್ತಾನೆ ಎಂದು ಕೂತಿದ್ದಾರೆ. ನಾನು ಅಷ್ಟು ನೋಡುವುದರೊಳಗೆ ಕೆಂಚ ಹಿಂದಕ್ಕೆ ತಿರುಗಿದ. "ನಿಲ್ಲೋ ಕೆಂಚಾ, ಒಂದು ಗಳಿಗೆ ನಿಲ್ಲೋ," ಎಂದು ಕಿವಿ ಹಿಡಿದು ಎಳೆದೆ, ಬೆನ್ನಿಗೆ ಗುದ್ದಿದೆ. ಅವನಿಗೆ ನಿಲ್ಲುವುದು ಹೇಗೆಂದು ತಿಳಿಯದು. ನನ್ನ ಗೋಳನ್ನು ಬೆನ್ನ ಮೇಲೆ ಹೊತ್ತುಕೊಂಡೇ ಕಡವಿಗೆ ತಂದು ಇಳಿಸಿದ. ಯಜಮಾನರು ಮೂರನೆಯ ದಿನ ಸಿಕ್ಕರು.

ನನ್ನನ್ನು ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ನಾನೂ ನಾಲ್ಕು ಬಯ್ದು ಹಗುರಾಗುತ್ತಿದ್ದೆ. ಗುರುಸಿದ್ದಯ್ಯನವರು ಮಾತ್ರ ಬಂದು ಜಗುಲಿಯ ತುದಿಯಲ್ಲಿ ಕೂತು, "ನಾನು ಇನ್ನೂ ಗಟ್ಟಿಯಾಗಿ ಹೇಳ್ಬೇಕಿತ್ತು ತಾಯಿ. ಬಾಗಿಲು ಕಾಯೋದು, ಬರೋರನ್ನ ಕಾಯೋದು ಅಂತ ಎರಡು ಮಾಡಿಕೊಂಡಿರೋದು ನಾವು. ಆ ಪ್ರಾಣಿಗೆ ಎರಡೂ ಒಂದೇ," ಎಂದರು. ಅವರ ಕಣ್ಣಲ್ಲೂ ನೀರಿತ್ತು. ಹೇಳುವುದಕ್ಕೆ ನಾನೆಲ್ಲಿ ಬಿಟ್ಟಿದ್ದೆ?

ಹದಿಮೂರನೆಯ ದಿನ ಕಳೆದ ಮೇಲೆ ಗೂಟಕ್ಕೆ ನೇತುಹಾಕಿದ್ದ ಅವರ ಅಂಗಿಯನ್ನು ಒಗೆಯಲು ತೆಗೆದೆ. ಜೇಬಿನಲ್ಲಿ ಒಡೆಯದ ಒಂದು ಬೆಂಕಿಪೊಟ್ಟಣ ಇತ್ತು. ನಾನು ಬೇಡವೆಂದ ಮೇಲೂ ತಂದಿಟ್ಟುಕೊಂಡಿದ್ದರು, ನಾನು ಕೊನೆಗೆ ಮನಸ್ಸು ಬದಲಿಸಬಹುದೆಂದು ಇರಬೇಕು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಆ ಗಾದೆಯನ್ನು ಎಷ್ಟು ಜನಕ್ಕೆ ಹೇಳಿ ಚುಚ್ಚಿದ್ದೇನೆ ನಾನು.

ಇನ್ನು ಮುಂದೆ ಯಾರಿಗೂ ಪ್ರಾಣಿ ಆರಿಸಿಕೊಡುವುದಿಲ್ಲ ಎಂದು ಅಂದೇ ತೀರ್ಮಾನಿಸಿದೆ. ಆದರೆ ಕೆಂಚನನ್ನು ನೋಡುತ್ತಿರುವುದೂ ಒಂದು ಶಿಕ್ಷೆಯಾಗಿತ್ತು. ಯಜಮಾನರು ಹೋದದ್ದು ಅವನ ಅರಿವಿಗೆ ಬಂದಂತೆಯೇ ಇರಲಿಲ್ಲ. ಅವರನ್ನು ಹುಡುಕಲಿಲ್ಲ, ಅವರ ಜಾಗ ಮೂಸಲಿಲ್ಲ. ಅವರ ರಾಗವನ್ನೇ ಗುನುಗಿಕೊಂಡು ಮನೆ ತುಂಬ ಸುತ್ತುವನು, ನಾಲಿಗೆ ಸುಟ್ಟುಕೊಳ್ಳುವನು, ಬಾಗಿಲಿಗೆ ಡಿಕ್ಕಿ ಹೊಡೆಯುವನು, ಮಲಗಿದಲ್ಲಿಂದ ನಿದ್ದೆ ಬರುವ ಮೊದಲೇ ಎದ್ದುಬಿಡುವನು. ಒಂದು ವರ್ಷ ನೋಡಿದೆ. ಇವನಿಗಾದರೂ ಕಿತ್ತುಕೊಂಡದ್ದನ್ನು ಹಿಂದಕ್ಕೆ ಕೊಡಿಸಬೇಕು ಎನ್ನಿಸಿತು.

ಆಚೆ ದಡದಲ್ಲಿ ನೆನಪಿಸುವ ಚೌಡಮ್ಮ ಇದ್ದಾಳೆ. ಮರೆಸಿದ ವಿದ್ಯೆಯನ್ನು ಮತ್ತೆ ತರಿಸುವುದು ಅವಳಿಗೆ ಗೊತ್ತು, ಆದರೆ ಅವಳಿಗೂ ನಾಲ್ಕರ ಕಟ್ಟು ಮೀರಲು ಬಾರದು. ಕೆಂಚನ ಮೇಲೆಯೇ ಹೋಗಿ, ಅವನನ್ನು ಹಗ್ಗ ಹಾಕಿ ಕಂಬಕ್ಕೆ ಬಿಗಿದು, ಅವಳ ಮುಂದೆ ಕೂತೆ.

"ಯಾವುದು ಬರಲಿ, ಯಾವುದು ಹೋಗಲಿ?"

"ಕಾಯೋದು ಬರಲಿ. ಬೆಂಕಿ ಹೋಗಲಿ."

"ಒಲೆ?"

"ಬೆಂಕಿಪೊಟ್ಟಣ ಐತೆ ನನ್ನ ಹತ್ರ."

ಚೌಡಮ್ಮ ಕೆಂಚನ ಮುಖವನ್ನೂ ನನ್ನ ಮುಖವನ್ನೂ ನೋಡಿದಳು. "ಯೋಚನೆ ಮಾಡಿದ್ದೀಯೇನವ್ವ? ಕೆಲವು ಮರೆತಿರೋದೇ ನೆಮ್ಮದಿ."

ಗುರುಸಿದ್ದಯ್ಯನವರು ಕೇಳಿದ್ದನ್ನೇ ಅವಳೂ ಕೇಳಿದಳು. ಈ ಸಲ ನಾನು ತಮಾಷೆ ಮಾಡಲಿಲ್ಲ. ಅಷ್ಟೇ ವ್ಯತ್ಯಾಸ. ಕೇಳಿಸಿಕೊಳ್ಳುವುದನ್ನಂತೂ ಈ ಸಲವೂ ಮಾಡಲಿಲ್ಲ.

ಹಿಂದಕ್ಕೆ ಬರುವಾಗ ನಡುನೀರಿನಲ್ಲಿ ನಮ್ಮ ಕಲ್ಲಿನ ಹತ್ತಿರ ಕೆಂಚನ ಈಜು ನಿಧಾನವಾಯಿತು. ಕಡವಿನಲ್ಲಿ ಇಳಿದು ನಾನು ಮನೆಯ ಕಡೆ ಹೆಜ್ಜೆ ಹಾಕಿದೆ, ಅವನು ಹಿಂದೆ ಬರಲಿಲ್ಲ. ಕರೆದೆ. ತಿರುಗಿ ನೋಡಿದ, ಬರಲಿಲ್ಲ. ಕೊನೆಯ ಮೆಟ್ಟಿಲ ಮೇಲೆ, ನೀರಿಗೆ ಮುಖ ಮಾಡಿ, ಮುಂಗಾಲು ಮಡಚಿ ಕೂತ. ಹಿಂದೆ ನಮ್ಮ ಹೊಸ್ತಿಲಲ್ಲಿ ಸಂಜೆಗೆ ಕೂರುತ್ತಿದ್ದನಲ್ಲ, ಹಾಗೆಯೇ.

ಒಬ್ಬರನ್ನು ಬಿಟ್ಟು ಬಂದಿದ್ದೇನೆ ಎನ್ನುವುದು ಅವನಿಗೆ ಆಗ ಗೊತ್ತಾಯಿತು. ಒಂದು ವರ್ಷ ತಡವಾಗಿ, ನನ್ನಿಂದ.

ಅದಾಗಿ ಈಗ ನಾಲ್ಕು ವರ್ಷ. ಕೆಂಚ ಬೆಳಿಗ್ಗೆ ತಾನಾಗಿ ಕಲ್ಲಿಗೆ ಹೋಗುತ್ತಾನೆ. ಅದರ ಪಕ್ಕದಲ್ಲೇ ನೀರು ಏರುವವರೆಗೆ ಇದ್ದು, ಮತ್ತೆ ಬಂದು ಮೆಟ್ಟಿಲ ಮೇಲೆ ಕೂರುತ್ತಾನೆ. ಮನೆಗೆ ಬರುವುದಿಲ್ಲ. ಊರವರು ಅವನನ್ನು ದಾಟಿಕೊಂಡು ಇಳಿಯುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಗುರುಸಿದ್ದಯ್ಯನವರು ಒಮ್ಮೆ ಮೆಲ್ಲಗೆ, ನೀವು ಒಂದು ಮಾತು ಹೇಳಿದರೆ ಮತ್ತೆ ಮರೆಸಿಕೊಡುತ್ತೇನೆ ತಾಯಿ ಎಂದರು. ಹೆಸರನ್ನು ಒಡೆಯರೇ ಬಾಯಿಬಿಟ್ಟು ಹೇಳಬೇಕಲ್ಲ. ಆ ಹೆಸರನ್ನು ಎರಡನೆಯ ಸಲ ಹೇಳಲು ನನ್ನಿಂದಾಗದು. ಹೇಳದಿರುವುದೂ ಅವನಿಗೆ ಮಾಡುತ್ತಿರುವ ಅನ್ಯಾಯವೇ ಇರಬಹುದು. ಎರಡೂ ಕಡೆ ನಾನೇ ನಿಂತಿದ್ದೇನೆ.

ಕಾಫಿ ಲೋಟ ಹಿಡಿದು ಹೊರಗೆ ಬಂದಾಗ ಶಿವಪುತ್ರ ಇನ್ನೂ ಆ ನಾಲ್ಕು ಹೆಸರುಗಳನ್ನೇ ನೋಡುತ್ತಿದ್ದ.

"ಕಡವಿನ ಮೆಟ್ಟಲ ಮ್ಯಾಲೆ ಒಂದು ದೊಡ್ಡ ಕೆಂಪನ್ನ ಪ್ರಾಣಿ ಕುಂತೈತಲ್ರಿ, ಅದು ಯಾರದು? ನಾ ಬಂದಾಗಿಂದ ಅಲ್ಲಾಡಿಲ್ಲ ನೋಡ್ರಿ."

"ನಮ್ದೇ," ಎಂದೆ.

"ಶಾಣ್ಯಾ ಐತಿ. ಹೋಗ್ಲಿ, ಇದಕ್ಕ ಯಾವುದು ಮರಸಲಿ ಹೇಳ್ರಿ."

"ನನಗೆ ಗೊತ್ತಾಗಲ್ಲ ಕಣಪ್ಪ."

ಅವನು ನನ್ನ ಮುಖ ನೋಡಿ, ನಾನು ಬಿಂಕ ಮಾಡುತ್ತಿದ್ದೇನೆ ಎಂದುಕೊಂಡನೋ ಏನೋ, ನಕ್ಕ. "ಇರ್ಲಿ ಬಿಡ್ರಿ, ಯಾವುದರ ಒಂದು ಒತ್ತತೇನಿ. ತಪ್ಪಾದ್ರ ಬಂದ್ ಮಾಡಿ ಹಿಂದಿಂದ ಚಾಲೂ ಮಾಡಿದ್ರಾತು."

ನಾನು ಅಲ್ಲೇ ಕೂತೆ. "ಎಷ್ಟು ಹಿಂದಕ್ಕೆ ಹೋಗ್ತದಪ್ಪ ಅದು?"

"ನಾವು ಎಲ್ಲಿ ಉಳಿಸಿಟ್ಟಿರತೇವೋ ಅಲ್ಲೀ ತನಕ್ರಿ."

ಬಾಗಿಲ ಕಡೆ ನೋಡಿದೆ. ಯಜಮಾನರು ಅದರ ಚೌಕಟ್ಟಿಗೆ ಒರಗಿ ನಿಂತು, ಬೆಂಕಿ ಬಿಡ್ಸು, ನಾನು ಬೆಂಕಿಪೊಟ್ಟಣ ತಂದ್ಕೊಡ್ತೀನಿ ಎಂದಿದ್ದರು. ಸರಿ ತನ್ನಿ ಎಂದಿದ್ದರೆ ಮುಗಿಯುತ್ತಿತ್ತು. ಎರಡು ಮಾತು. ಅಷ್ಟು ಮಾತಾಡುವ ಹೆಂಗಸು ನಾನು, ಆ ಎರಡನ್ನು ಆಡಲಿಲ್ಲ.

ಶಿವಪುತ್ರ ಯಾವುದನ್ನೋ ಒತ್ತಿ ಕಾಫಿ ಕುಡಿದು ತನ್ನ ಚೀಲ ಹೆಗಲಿಗೇರಿಸಿದ. ನಾನು ಒಳಗೆ ಹೋಗಿ ಗಂಜಿಯ ಪಾತ್ರೆ ಮುಟ್ಟಿ ನೋಡಿದೆ. ಇನ್ನೂ ಬಿಸಿ ಇತ್ತು. ಪರವಾಗಿಲ್ಲ, ಕೆಂಚ ಈಗ ಆರುವವರೆಗೆ ಕಾಯುತ್ತಾನೆ. ಪಾತ್ರೆಯನ್ನು ಸೆರಗಿನಲ್ಲಿ ಹಿಡಿದುಕೊಂಡು ಕಡವಿಗೆ ಹೊರಟೆ.